ಸಮೋವನ್ ನೆರೆಮನೆಯವರೊಂದಿಗೆ ಜುಲೈ ರಜೆಯಲ್ಲಿ ಅವರ ಊರಿಗೆ: ಅತಿಥಿಗಳಾಗಿ ಹೋಗುವವರು ಏನು ತಿಳಿದಿರಬೇಕು?

ಸಾಗರದ ಕಡೆಯವರು

ಎಲ್ಲರಿಗೂ ನಮಸ್ಕಾರ. ನಾವು ಸಾಗರ ತಾಲೂಕಿನವರು. ಒಂಬತ್ತು ವರ್ಷಗಳಿಂದ ದಕ್ಷಿಣ ಆಕ್ಲೆಂಡಿನ ಮಾಂಗೆರೆಯಲ್ಲಿದ್ದೇವೆ. ಪಕ್ಕದ ಮನೆಯವರು ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾ ಮೂಲದವರು. ಅವರ ಮೂವರು ಮಕ್ಕಳೂ ನಮ್ಮ ಇಬ್ಬರೂ ಒಂದೇ ಶಾಲೆಗೆ ಹೋಗುತ್ತಾರೆ. ಶಾಲೆ ಬಿಟ್ಟ ಮೇಲೆ ಯಾರ ಮಕ್ಕಳು ಯಾರ ಮನೆಯಲ್ಲಿದ್ದಾರೆ ಎಂಬ ಲೆಕ್ಕ ನಮಗೆ ಸಿಗುವುದು ರಾತ್ರಿ ಊಟದ ಹೊತ್ತಿಗೇ. ಈ ಸಲ ಜುಲೈ ತಿಂಗಳ ಎರಡು ವಾರಗಳ ರಜೆಯಲ್ಲಿ ಅವರು ಅಜ್ಜಿಯನ್ನು ಕರೆದುಕೊಂಡು ಊರಿಗೆ, ಅಂದರೆ ಉಪೊಲು ದ್ವೀಪದ ದಕ್ಷಿಣ ತೀರದ ಒಂದು ಹಳ್ಳಿಗೆ ಹೊರಟಿದ್ದಾರೆ, ನಮ್ಮನ್ನೂ ಕರೆದಿದ್ದಾರೆ. ಬಾಯಿಮಾತಿಗೆ ಕರೆದದ್ದಲ್ಲ ಎಂಬುದು ಅಜ್ಜಿಯೇ ಬೇಲಿಯ ತನಕ ನಡೆದು ಬಂದು ಎರಡನೆಯ ಸಲ ಹೇಳಿದಾಗ ಗೊತ್ತಾಯಿತು.

ನಾನು ನನ್ನ ಸ್ವಭಾವಕ್ಕೆ ತಕ್ಕಂತೆ ಒಂದು ಪಟ್ಟಿ ಮಾಡಿದೆ: ಹತ್ತು ದಿನ, ಹನ್ನೊಂದು ಸ್ಥಳ, ನಡುವೆ ಸವಾಯಿ ದ್ವೀಪದಲ್ಲಿ ಎರಡು ರಾತ್ರಿ, ಉಳಿದಂತೆ ರಾಜಧಾನಿ ಅಪಿಯಾದಲ್ಲಿ ಹೋಟೆಲ್. ಅದನ್ನು ಪಕ್ಕದ ಮನೆಯಾಕೆಗೆ ತೋರಿಸಿದಾಗ ಅವರು ಕೊನೆಯವರೆಗೆ ಓದಿ, ಮಡಚಿ ವಾಪಸು ಕೊಟ್ಟು, "ಇದರಲ್ಲಿ ಭಾನುವಾರ ಎಲ್ಲಿದೆ?" ಎಂದು ಕೇಳಿದರು. ನಾನು ಭಾನುವಾರಕ್ಕೆ ಒಂದು ಜಲಪಾತವನ್ನೂ ಒಂದು ಕಡಲತೀರವನ್ನೂ ಇಟ್ಟಿದ್ದೆ. ತಪ್ಪು ಮಾಡಿದ್ದೇನೆ ಎಂದು ಅನ್ನಿಸಿತು, ಆದರೆ ಏನು ತಪ್ಪು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ನಾವು ಹೋಟೆಲಿನಲ್ಲಿ ಇಳಿದುಕೊಳ್ಳುವುದು ಅವರಿಗೆ ಭಾರವಾಗದಿರಲೆಂದು, ಅದು ಸರಿಯೇ? ನಾವು ಮೊಟ್ಟೆಯನ್ನೂ ತಿನ್ನದವರು, ಹತ್ತು ದಿನ ಊಟಕ್ಕೆ ಏನು ದಾರಿ? ಖರ್ಚಿನಲ್ಲಿ ನಮ್ಮ ಪಾಲನ್ನು ಯಾರಿಗೆ, ಹೇಗೆ ಕೊಡಬೇಕು? ಮತ್ತು ಮಕ್ಕಳು, ಏಳು ಮತ್ತು ಹನ್ನೊಂದು ವರ್ಷದವರು, ಅಲ್ಲಿ ದಿನವಿಡೀ ಏನು ಮಾಡುತ್ತಾರೆ?

ಕರಾವಳಿಯ ಹೆಣ್ಣು, ಸಮೋವಾದ ಸೊಸೆ

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಸಮೋವನ್ ಕುಟುಂಬ ಸೇರಿ ಹದಿನಾಲ್ಕು ವರ್ಷವಾಯಿತು. ನಿಮ್ಮ ಪಟ್ಟಿಯ ಕಥೆ ಓದಿ ನಕ್ಕೆ, ಏಕೆಂದರೆ ಮೊದಲ ವರ್ಷ ನಾನೂ ಇಂಥದ್ದೊಂದು ಪಟ್ಟಿ ಮಾಡಿದ್ದೆ.

ಮೊದಲಿಗೆ ಒಂದು ಮಾತು. ಸಮೋವನ್ ಮನೆಯಲ್ಲಿ ರಜೆಗೆ "ಪ್ರವಾಸ ಹೋಗುವುದು" ಎಂಬುದು ನಾವು ಅಂದುಕೊಂಡ ಅರ್ಥದಲ್ಲಿ ಇಲ್ಲ. ಅವರು ಹೋಗುವುದು ಅಯಿಂಗಾ ಕಡೆಗೆ. ಅಯಿಂಗಾ ಎಂದರೆ ಅಪ್ಪ, ಅಮ್ಮ, ಮಕ್ಕಳು ಮಾತ್ರವಲ್ಲ, ಅಜ್ಜನ ತಮ್ಮನ ಮೊಮ್ಮಕ್ಕಳವರೆಗೆ ಹರಡಿಕೊಂಡ ಇಡೀ ಕುಟುಂಬ. (ಅವರ ಬರವಣಿಗೆಯಲ್ಲಿ 'ಗ' ಎಂದು ಕಾಣುವುದನ್ನು 'ಂಗ' ಎಂದು ಓದಬೇಕು, ಇದು ಗೊತ್ತಿಲ್ಲದೆ ನಾನು ಮೂರು ವರ್ಷ ಊರುಗಳ ಹೆಸರನ್ನು ತಪ್ಪಾಗಿ ಹೇಳಿದೆ, ಯಾರೂ ತಿದ್ದಲಿಲ್ಲ.) ಸಮೋವಾದ ಜನಸಂಖ್ಯೆ ಸುಮಾರು 2 ಲಕ್ಷ; ನ್ಯೂಜಿಲೆಂಡಿನಲ್ಲಿರುವ ಸಮೋವನ್ನರೂ ಹತ್ತಿರಹತ್ತಿರ ಅಷ್ಟೇ ಇದ್ದಾರೆ. ಹೀಗಾಗಿ ಪ್ರತಿ ರಜೆಯಲ್ಲೂ ಅರ್ಧ ಕುಟುಂಬ ಇನ್ನರ್ಧವನ್ನು ನೋಡಲು ಹೊರಡುತ್ತದೆ ಎಂದುಕೊಳ್ಳಿ. ಕಡಲು, ಜಲಪಾತ ಎಲ್ಲವೂ ಇದರ ಸಂದಿಯಲ್ಲಿ ಬರುತ್ತವೆ. ಆಕ್ಲೆಂಡಿನಲ್ಲೇ ನೋಡಿ: ರಜೆಯಲ್ಲಿ ನಾವು ಉದ್ಯಾನಕ್ಕೆ ಹೊರಟರೆ ಒಂದು ವ್ಯಾನ್, ಮೂರು ಕಾರು, ಎರಡು ಗಿಟಾರ್, ಬೆಂದ ಕೆಸುವಿನ ಗಡ್ಡೆಯ ಒಂದು ದೊಡ್ಡ ಡಬ್ಬಿ. ಕಿರಿಕಿಟಿ ಎಂಬ ಅವರ ಕ್ರಿಕೆಟ್‌ನಲ್ಲಿ ಮೂರು ಮುಖದ ಬ್ಯಾಟು, ರಬ್ಬರಿನ ಚೆಂಡು, ಬಂದವರೆಲ್ಲರೂ ಆಟಗಾರರೇ. ನನ್ನ ಅತ್ತೆ ಅರವತ್ತೆಂಟನೆಯ ವಯಸ್ಸಿನಲ್ಲಿ ನನ್ನನ್ನು ಔಟ್ ಮಾಡಿದ್ದಾರೆ.

ಹೋಟೆಲಿನ ವಿಷಯ. ದಯವಿಟ್ಟು ಬೇಡ, ಕನಿಷ್ಠ ಮೊದಲ ವಾರ ಬೇಡ. ನಿಮಗಾಗಿ ಅಲ್ಲಿ ಆಗಲೇ ಚಾಪೆ, ಹಾಸಿಗೆ, ಸೊಳ್ಳೆಪರದೆ ಸಿದ್ಧವಾಗಿರುತ್ತವೆ; ಅಪಿಯಾದಲ್ಲಿ ಇಳಿದುಕೊಂಡರೆ "ನಮ್ಮ ಮನೆ ಅವರಿಗೆ ಸಾಲದಾಯಿತೇನೋ" ಎಂದು ಅಜ್ಜಿ ಕೊರಗುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ. ಹಳೆಯ ಮಾದರಿಯ ಫಲೆ, ಅಂದರೆ ಅವರ ಮನೆ, ಗೋಡೆಯಿಲ್ಲದ ದೊಡ್ಡ ಚಾವಡಿಯಂತಿರುತ್ತದೆ: ಸುತ್ತ ಕಂಬ, ಮಳೆಗಾಳಿ ಬಂದರೆ ಇಳಿಬಿಡುವ ಹೆಣೆದ ತಟ್ಟಿ. ಈಗ ಹೆಚ್ಚಿನವರು ಅದರ ಹಿಂದೆ ಗೋಡೆಯ ಮನೆಯನ್ನೂ ಕಟ್ಟಿಕೊಂಡಿದ್ದಾರೆ. ಏಕಾಂತವನ್ನು ನಿರೀಕ್ಷಿಸಬೇಡಿ. ಮನೆಯ ಮುಂದೆಯೇ ಹಿರಿಯರ ಸಮಾಧಿಗಳಿರುತ್ತವೆ. ವಿಮಾನದಿಂದ ಇಳಿದು ಬಂದವರು ಮೊದಲು ಅಲ್ಲಿ ನಿಂತು, ಆಮೇಲೆ ಒಳಗೆ ಹೋಗುವುದು ನಮ್ಮ ಮನೆಯ ರೂಢಿ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ, ಹೆದರುವುದು ಬೇಡ.

ಭಾನುವಾರ ಎಲ್ಲಿದೆ ಎಂದು ಅವರು ಕೇಳಿದ್ದು ಏಕೆಂದರೆ, ವಾರದ ಬೆನ್ನೆಲುಬು ಅದೇ. ಇನ್ನೂ ಕತ್ತಲಿರುವಾಗಲೇ ಹುಡುಗರು ಎದ್ದು ಉಮು ಹಚ್ಚುತ್ತಾರೆ. ಸೌದೆಯ ಮೇಲೆ ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಹರಡಿ, ಅದರ ಮೇಲೆ ಗಡ್ಡೆ, ಕಾಯಿ, ಎಲೆಕಟ್ಟುಗಳನ್ನಿಟ್ಟು ಬಾಳೆ ಎಲೆಯಿಂದ ಮುಚ್ಚುವ ಒಲೆ ಅದು. ನಮ್ಮ ಮೈದುನನ ಮಗ, ಹದಿಮೂರರ ಹುಡುಗ, ನಮ್ಮ ಹೆರೆಮಣೆಯಂಥದ್ದೇ ಮಣೆಯ ಮೇಲೆ ಕಾಲು ಚಾಚಿ ಕೂತು ಇಪ್ಪತ್ತು ತೆಂಗಿನಕಾಯಿ ತುರಿಯುತ್ತಾನೆ. ತುರಿಯನ್ನು ನಾರಿನ ಕಟ್ಟಿನಲ್ಲಿ ಸುತ್ತಿ, ಎರಡೂ ಕೈಯಿಂದ ತಿರುಚಿ ಹಾಲು ಹಿಂಡುತ್ತಾನೆ. ನೀರು ಬೆರೆಸುವುದಿಲ್ಲ, ಗಟ್ಟಿ ಹಾಲು. ಅದನ್ನು ಈರುಳ್ಳಿ, ಉಪ್ಪಿನೊಂದಿಗೆ ಎಳೆಯ ಕೆಸುವಿನ ಎಲೆಯ ಬಟ್ಟಲಿಗೆ ಸುರಿದು ಕಟ್ಟಿದರೆ ಪಲುಸಮಿ. ಮೊದಲ ಸಲ ಬಿಚ್ಚಿ ಬಾಯಿಗಿಟ್ಟಾಗ ಅಕ್ಕಿಹಿಟ್ಟು, ಹುಳಿ, ಮೆಣಸು ಎಲ್ಲವನ್ನೂ ತೆಗೆದ ಪತ್ರೊಡೆ ಇದು ಎನ್ನಿಸಿ ಊರಿನ ನೆನಪಾಗಿ ಕಣ್ಣು ತುಂಬಿತ್ತು. ಬೆಳಿಗ್ಗೆ ಎಲ್ಲರೂ ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೋಗಿ ಬಂದ ಮೇಲೆ ತೊಓನಾಯಿ ಎಂಬ ದೊಡ್ಡ ಊಟ, ಆಮೇಲೆ ನಿದ್ದೆ. ಹೆಚ್ಚಿನ ಹಳ್ಳಿಗಳಲ್ಲಿ ಆ ದಿನ ಈಜು, ಆಟ, ಗದ್ದಲ ಒಪ್ಪುವುದಿಲ್ಲ. ನೀವು ಬೇರೆ ಧರ್ಮದವರೆಂದು ಚರ್ಚಿಗೆ ಬರಲೇಬೇಕೆಂದು ಯಾರೂ ಒತ್ತಾಯಿಸಲಾರರು; ಆದರೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರೆ ಆ ಹಾಡುಗಾರಿಕೆಯನ್ನು ಮರೆಯುವುದಿಲ್ಲ.

ಊಟಕ್ಕೆ ನೀವು ಅಂದುಕೊಂಡಷ್ಟು ಕಷ್ಟವಿಲ್ಲ, ಒಂದು ಎಚ್ಚರಿಕೆ ಬಿಟ್ಟರೆ. ಕೆಸುವಿನ ಗಡ್ಡೆ, ತೆಂಗಿನ ಹಾಲಿನಲ್ಲಿ ಬೆಂದ ಬಾಳೆಕಾಯಿ, ಸುಟ್ಟ ದೀವಿಹಲಸು (ನಮ್ಮ ಜೀಗುಜ್ಜೆ), ಪಪ್ಪಾಯಿ ಮತ್ತು ತೆಂಗಿನ ಹಾಲಿನ ಪಾಯಸದಂಥ ಸುಪೊಏಸಿ, ಕೋಕೋ ಹಾಕಿ ಬೇಯಿಸಿದ ಸಿಹಿ ಅನ್ನ, ಇವೆಲ್ಲ ನಿಮಗೆ ಸಲ್ಲುತ್ತವೆ. ಎಚ್ಚರಿಕೆ ಪಿಸುಪೊ ಎಂಬ ಡಬ್ಬಿಯ ದನದ ಮಾಂಸದ ಬಗ್ಗೆ. ಕೆಲವರು ಪಲುಸಮಿಯೊಳಗೂ ಅದನ್ನು ಸೇರಿಸುತ್ತಾರೆ. (ಹಿಂದೆ ಡಬ್ಬಿಯಲ್ಲಿ ಬರುತ್ತಿದ್ದ ಬಟಾಣಿ ಸೂಪಿನ ಇಂಗ್ಲಿಷ್ ಹೆಸರೇ ಪಿಸುಪೊ ಆಗಿ, ಕೊನೆಗೆ ಮಾಂಸದ ಡಬ್ಬಿಗೆ ಅಂಟಿಕೊಂಡಿತು.) ಹೊರಡುವ ಮೊದಲೇ ಅಜ್ಜಿಗೆ ಸ್ಪಷ್ಟವಾಗಿ ಹೇಳಿ, ತಟ್ಟೆ ಮುಂದೆ ಬಂದ ಮೇಲೆ ಹೇಳಿದರೆ ಬಡಿಸಿದವರಿಗೆ ನಾಚಿಕೆ. ಅತಿಥಿಗಳೂ ಹಿರಿಯರೂ ಮೊದಲು ಉಣ್ಣುತ್ತಾರೆ, ಮನೆಯ ಮಕ್ಕಳು ಬಡಿಸಿ, ನೊಣ ಓಡಿಸಿ, ಕೊನೆಗೆ ಕೂರುತ್ತಾರೆ. ಆದ್ದರಿಂದ ರಾಶಿ ಹಾಕಿದ್ದನ್ನೆಲ್ಲ ಮುಗಿಸುವ ಹಠ ಬೇಡ, ಉಳಿದದ್ದಕ್ಕೆ ಕಾಯುತ್ತಿರುವವರಿದ್ದಾರೆ.

ಮಕ್ಕಳ ಬಗ್ಗೆ ಚಿಂತೆಯೇ ಬೇಡ. ಎರಡನೆಯ ದಿನದಿಂದ ಅವರು ನಿಮ್ಮ ಕೈಗೆ ಸಿಗುವುದಿಲ್ಲ. ಕೂತವರ ಮುಂದೆ ಹಾದುಹೋಗುವಾಗ ಸೊಂಟ ಬಗ್ಗಿಸಿ "ತುಲೊ" ಅನ್ನಬೇಕು, ಕೂತಾಗ ಪಾದವನ್ನು ಯಾರ ಕಡೆಗೂ ಚಾಚಬಾರದು, ಇಷ್ಟನ್ನು ಕಲಿಸಿ. ನಮ್ಮ ಅಜ್ಜಿಯರೂ ಇದನ್ನೇ ಹೇಳುತ್ತಿದ್ದರು, ಕೇಳುವವರಿರಲಿಲ್ಲ.

ಅಪಿಯಾದಲ್ಲಿ ಮೂರು ವರ್ಷ

ಮೇಲಿನವರು ಮನೆಯೊಳಗಿನದನ್ನು ಹೇಳಿದ್ದಾರೆ. ನಾನು ಕೆಲಸದ ಮೇಲೆ ಅಲ್ಲಿದ್ದವನು, ದಾರಿಯ ವಿಷಯ ಹೇಳುತ್ತೇನೆ.

ಜುಲೈ ಒಳ್ಳೆಯ ಆಯ್ಕೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ, ಸೆಕೆಯೂ ತಡೆಯುವಂತಿರುತ್ತದೆ. ನವೆಂಬರಿನಿಂದ ಏಪ್ರಿಲ್ ಚಂಡಮಾರುತದ ಕಾಲ. ಡಿಸೆಂಬರಿನಲ್ಲಿ ಇಡೀ ಕುಟುಂಬಗಳು ಊರಿಗೆ ಹೊರಡುವುದರಿಂದ ಟಿಕೆಟ್ ದರವೂ ಏರಿರುತ್ತದೆ. ಆಕ್ಲೆಂಡಿನಿಂದ ಹಾರಾಟ ಸುಮಾರು ನಾಲ್ಕು ಗಂಟೆ. ಜುಲೈನಲ್ಲಿ ಸಮೋವಾದ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. 2011ರ ಕೊನೆಯವರೆಗೆ ಅದು ಸುಮಾರು ಒಂದು ಇಡೀ ದಿನ ಹಿಂದಿತ್ತು. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳೊಂದಿಗಿನ ವ್ಯವಹಾರಕ್ಕೆ ಹೊಂದಲೆಂದು ದಿನಾಂಕ ರೇಖೆಯ ಇನ್ನೊಂದು ಬದಿಗೆ ಸರಿದಾಗ ಆ ವರ್ಷದ ಡಿಸೆಂಬರ್ 30 ಎಂಬ ದಿನವೇ ಅಲ್ಲಿ ಬರಲಿಲ್ಲ. ವಾಹನಗಳೂ 2009ರ ಸೆಪ್ಟೆಂಬರ್ 7ರಿಂದ ಬಲ ಬಿಟ್ಟು ಎಡಕ್ಕೆ ಬಂದವು, ಆದ್ದರಿಂದ ನಿಮಗೆ ಓಡಿಸಲು ತೊಡಕಿಲ್ಲ. ಆದರೆ ವೇಗದ ಆಸೆ ಬಿಡಿ. ರಸ್ತೆಯ ಉದ್ದಕ್ಕೂ ಹಳ್ಳಿ, ಹಂದಿ, ನಾಯಿ, ಕೋಳಿ, ಮಕ್ಕಳು.

ಸಂಜೆ ಆರರ ಹೊತ್ತಿಗೆ ಹಳ್ಳಿಗಳಲ್ಲಿ ಶಂಖವನ್ನೋ ಗಂಟೆಯನ್ನೋ ಬಾರಿಸುತ್ತಾರೆ. ಇದನ್ನು 'ಸಾ' ಎನ್ನುತ್ತಾರೆ. ಮನೆಮನೆಯಲ್ಲಿ ಪ್ರಾರ್ಥನೆ ನಡೆಯುವ ಆ ಹತ್ತಿಪ್ಪತ್ತು ನಿಮಿಷ ಹಳ್ಳಿಯೊಳಗೆ ಅಡ್ಡಾಡಬಾರದು. ಲಾವಾಲಾವಾ (ನಮ್ಮ ಲುಂಗಿಯಂಥ ಬಟ್ಟೆ) ಉಟ್ಟ ಗಂಡಸರು ರಸ್ತೆಯಂಚಿನಲ್ಲಿ ಸಾಲಾಗಿ ನಿಂತು ಕಾಯುವುದೂ ಉಂಟು. ಕೇಳಿಸಿದ ತಕ್ಷಣ ಇದ್ದಲ್ಲೇ ಕೂತುಬಿಡಿ. ನಾನು ಬಂದ ಹೊಸತರಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಓಡುತ್ತಿದ್ದೆ. ಒಬ್ಬ ಹಿರಿಯರು ರಸ್ತೆಗೆ ಬಂದು, ಮಾತಿಲ್ಲದೆ, ಅಂಗೈಯನ್ನು ನೆಲದ ಕಡೆ ತೋರಿಸಿದರು. ಕೂತೆ. ಪ್ರಾರ್ಥನೆ ಮುಗಿದ ಮೇಲೆ ಅವರೇ ಕೋಕೋ ತಂದುಕೊಟ್ಟರು.

ಹನ್ನೊಂದು ಸ್ಥಳಗಳಲ್ಲಿ ನಾಲ್ಕನ್ನು ಉಳಿಸಿಕೊಳ್ಳಿ. ದಕ್ಷಿಣ ತೀರದಲ್ಲೇ ಇರುವುದರಿಂದ ಲೊಟೊಫಂಗಾದ ತೊ ಸುವಾ ನಿಮಗೆ ಹತ್ತಿರ: ಹುಲ್ಲುಹಾಸಿನ ನಡುವೆ ಬಾಯ್ದೆರೆದ ಮೂವತ್ತು ಮೀಟರ್ ಆಳದ ಕುಳಿ, ತಳದಲ್ಲಿ ಗುಹೆಯ ಮೂಲಕ ಒಳಬರುವ ಕಡಲ ನೀರು, ಇಳಿಯಲು ಕಡಿದಾದ ಮರದ ಏಣಿ. ಹನ್ನೊಂದರ ಮಗು ಇಳಿಯಬಹುದು; ಏಳರ ಮಗುವಿನ ಕೆಳಗೊಬ್ಬರು, ಮೇಲೊಬ್ಬರು ಇರಲಿ. ಪೂರ್ವದ ತುದಿಯಲ್ಲಿ ಲಾಲೊಮಾನುವಿನ ಬಿಳಿ ಮರಳು, ಅಲ್ಲೇ ಮರಳಿನ ಮೇಲೆ ಗೋಡೆಯಿಲ್ಲದ ಗುಡಿಸಲುಗಳು ಬಾಡಿಗೆಗೆ ಸಿಗುತ್ತವೆ. ಎರಡು ರಾತ್ರಿ ನಿಮ್ಮ ಖರ್ಚಿನಲ್ಲಿ ಆತಿಥೇಯರ ಮಕ್ಕಳನ್ನೂ ಅಲ್ಲಿಗೆ ಕರೆದೊಯ್ದರೆ ಹೋಟೆಲಿಗಿಂತ ಮೇಲು. 2009ರ ಸೆಪ್ಟೆಂಬರ್ 29ರ ಸುನಾಮಿ ಈ ತೀರವನ್ನೇ ಬಡಿದದ್ದು. ನೆಲ ಜೋರಾಗಿ ನಡುಗಿದರೆ ಸೈರನ್ನಿಗೆ ಕಾಯದೆ ಗುಡ್ಡ ಹತ್ತಬೇಕು ಎಂದು ಮಕ್ಕಳಿಗೆ ಹೇಳಿ, ಹತ್ತುವ ದಾರಿಯನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ.

ಸವಾಯಿಗೆ ಹೋಗುವುದಾದರೆ ಮುಲಿಫನುವಾದಿಂದ ಸಲೆಲೊಲೊಂಗಾಕ್ಕೆ ದೋಣಿ, ಒಂದು ಗಂಟೆಗೂ ತುಸು ಹೆಚ್ಚು. ಕಾರು ಸಾಗಿಸುವುದಿದ್ದರೆ ಮುಂಗಡ ಕಾದಿರಿಸಲೇಬೇಕು. ರಜೆಯಲ್ಲಿ ಒಮ್ಮೆ "ನೋಡೋಣ" ಎಂದು ಹೋಗಿ ಆರು ಗಂಟೆ ಕಾರಿನಲ್ಲಿ ಬೆವರಿದ್ದೇನೆ. ಅಲ್ಲಿ ಸಲೆಯಾಉಲಾದ ಲಾವಾ ಬಯಲು ನೋಡಿ: ಮತವಾನು ಜ್ವಾಲಾಮುಖಿ 1905ರಿಂದ 1911ರವರೆಗೆ ಉಗುಳಿದ ಕಲ್ಲು ಚರ್ಚಿನೊಳಗೆ ಹರಿದು ಹೆಪ್ಪುಗಟ್ಟಿದೆ. ತಂಗಾ ಹಳ್ಳಿಯ ಬಳಿ ಅಲೆ ಬಂಡೆಯ ಬಿಲದಿಂದ ಚಿಮ್ಮುತ್ತದೆ. ಊರಿನವರು ಅದರೊಳಗೆ ತೆಂಗಿನಕಾಯಿ ಎಸೆದು ಆಕಾಶಕ್ಕೆ ಹಾರಿಸುತ್ತಾರೆ. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಇಂಥ ಜಾಗಗಳಲ್ಲೆಲ್ಲ ಕೆಲವು ತಾಲಾ (ಅಲ್ಲಿನ ನಾಣ್ಯ) ಪ್ರವೇಶ ಹಣ ಕೇಳುತ್ತಾರೆ. ಸುಲಿಗೆ ಎಂದುಕೊಳ್ಳಬೇಡಿ, ಸಮೋವಾದ ಹೆಚ್ಚಿನ ಭೂಮಿ ಇಂದಿಗೂ ಕುಟುಂಬಗಳ ಸಾಂಪ್ರದಾಯಿಕ ಒಡೆತನದಲ್ಲಿದೆ, ಆ ಕಡಲತೀರ ನಿಜವಾಗಿಯೂ ಯಾರದೋ ಮನೆಯ ಹಿತ್ತಲು. ಚಿಲ್ಲರೆ ಇಟ್ಟುಕೊಂಡಿರಿ.

ಹೊರಡುವ ಮೊದಲು ಮಕ್ಕಳ ದಡಾರ ಲಸಿಕೆಯ ದಾಖಲೆ ನೋಡಿಕೊಳ್ಳಿ. 2019ರ ಕೊನೆಯಲ್ಲಿ ಆ ಪುಟ್ಟ ದೇಶದಲ್ಲಿ ದಡಾರದಿಂದ 83 ಜನ ಸತ್ತರು, ಬಹುಪಾಲು ಐದು ವರ್ಷದೊಳಗಿನ ಕೂಸುಗಳು.

ಲೆಕ್ಕ ಬರೆಯುವವನು

ಎಲ್ಲರೂ ಚೆಂದದ ಮುಖವನ್ನೇ ಹೇಳಿದ್ದೀರಿ, ನಾನು ಹಣದ ಬಗ್ಗೆ ಹೇಳುತ್ತೇನೆ. ಸಹೋದ್ಯೋಗಿಯ ಕುಟುಂಬದೊಂದಿಗೆ ನಾವು ಇದೇ ರೀತಿ ಹೋಗಿದ್ದೆವು. ತಲುಪಿದ ಮೂರನೆಯ ದಿನ ಅವರ ದೊಡ್ಡಪ್ಪ ತೀರಿಕೊಂಡರು. ಅಲ್ಲಿಗೆ ರಜೆ ಮುಗಿಯಿತು. ಇಂಥ ಕುಟುಂಬದ ಹೊಣೆಗೆ ಫಾಆಲವೆಲವೆ ಎಂಬ ಹೆಸರಿದೆ. ಸಾವು, ಮದುವೆ, ಮತಾಯಿ (ಕುಟುಂಬದ ಮುಖ್ಯಸ್ಥ) ಪದವಿ, ಯಾವುದೇ ಇರಲಿ, ನುಣ್ಣನೆಯ ಹೆಣಿಗೆಯ ಚಾಪೆಗಳು, ಹಂದಿಗಳು, ಡಬ್ಬಿಗಳು, ನಗದು, ಎಲ್ಲವೂ ಎಲ್ಲರಿಂದಲೂ ಸೇರಬೇಕು. ನನ್ನ ಸಹೋದ್ಯೋಗಿ ಮಕ್ಕಳನ್ನು ಸವಾಯಿಗೆ ಕರೆದೊಯ್ಯಲು ಇಟ್ಟಿದ್ದ ಹಣವನ್ನು ಪೂರ್ತಿ ಕೊಟ್ಟು, ಇನ್ನಷ್ಟನ್ನು ಸಾಲ ಮಾಡಿದರು. ಭಾನುವಾರ ಚರ್ಚಿನಲ್ಲಿ ಯಾವ ಕುಟುಂಬ ಎಷ್ಟು ಕೊಟ್ಟಿತೆಂದು ಗಟ್ಟಿಯಾಗಿ ಓದಿದಾಗ ಅವರ ಹೆಂಡತಿ ತಲೆ ತಗ್ಗಿಸಿ ಕೂತದ್ದನ್ನು ನಾನು ಕಂಡೆ. ಇದನ್ನು ಸುಂದರ ಸಂಪ್ರದಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಇಷ್ಟು: ನಿಮ್ಮ ವಾಪಸು ಟಿಕೆಟ್, ಕಾರಿನ ಬಾಡಿಗೆ, ತುರ್ತಿನ ಹಣ, ಇವು ಅವರ ಯೋಜನೆಯ ಮೇಲೆ ನಿಂತಿರದಂತೆ ನೋಡಿಕೊಳ್ಳಿ.

ಕರಾವಳಿಯ ಹೆಣ್ಣು, ಸಮೋವಾದ ಸೊಸೆ

ನೀವು ಕಂಡದ್ದು ಸುಳ್ಳಲ್ಲ. ನಮ್ಮ ಮನೆಯಲ್ಲೂ ಈ ವಿಷಯಕ್ಕೆ ಜಗಳವಾಗಿದೆ, ನನ್ನ ಗಂಡನೂ ಅವರ ಅಣ್ಣನೂ ಒಂದು ವರ್ಷ ಮಾತು ಬಿಟ್ಟಿದ್ದರು. ಆದರೆ ನನ್ನ ಹೆರಿಗೆಯಾದಾಗ ಆರು ವಾರ ನಾನು ಒಲೆಯ ಮುಂದೆ ನಿಲ್ಲಲಿಲ್ಲ, ಅದೂ ಇದೇ ಲೆಕ್ಕದ ಇನ್ನೊಂದು ಪುಟ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವುದು ಹೇಗೆಂದು ನಮ್ಮ ಮನೆಯ ಹೊಸ ತಲೆಮಾರಿನವರೇ ಈಗ ಕೇಳುತ್ತಿದ್ದಾರೆ.

ಸಾಗರದವರಿಗೆ: ಅತಿಥಿಗಳಿಂದ ಯಾರೂ ಹಣ ಕೇಳುವುದಿಲ್ಲ. ನೀವು ಊಟಕ್ಕಿಷ್ಟು, ಮಲಗಿದ್ದಕ್ಕಿಷ್ಟು ಎಂದು ಲೆಕ್ಕ ಹಾಕಿ ಕೊಟ್ಟರೆ ಅವಮಾನ. ಹೊರಡುವ ಹಿಂದಿನ ದಿನ ಒಂದು ಲಕೋಟೆಯನ್ನು ಮನೆಯ ಹಿರಿಯರ ಕೈಗೆ, ಎರಡೂ ಕೈಯಿಂದ, ಎಲ್ಲರೂ ಕೂತಿರುವಾಗ ಕೊಡಿ. ಹೋಗುವಾಗ ಅಕ್ಕಿಮೂಟೆ, ಶಾಲೆಯ ಚೀಲ, ಪುಸ್ತಕ, ಪೆನ್ಸಿಲುಗಳನ್ನು ತೆಗೆದುಕೊಂಡು ಹೋಗಿ. ನೀವು ಕೊಟ್ಟದ್ದಕ್ಕಿಂತ ಹೆಚ್ಚು ನಿಮ್ಮ ಚೀಲದಲ್ಲಿ ವಾಪಸು ಬರುತ್ತದೆ, ಅದಕ್ಕೆ ಜಾಗ ಬಿಟ್ಟುಕೊಂಡಿರಿ.

ಸಾಗರದ ಕಡೆಯವರು

ಹೋಗಿ ಬಂದೆವು. ಉತ್ತರಿಸಿದ ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಹನ್ನೊಂದು ಸ್ಥಳಗಳಲ್ಲಿ ನೋಡಿದ್ದು ಮೂರು. ಸವಾಯಿ ಆಗಲಿಲ್ಲ, ಅಜ್ಜಿಯ ತಂಗಿಗೆ ಜ್ವರ ಬಂದು ಎರಡು ದಿನ ಎಲ್ಲರೂ ಅಪಿಯಾದ ಆಸ್ಪತ್ರೆಯ ದಾರಿಯಲ್ಲಿ ಓಡಾಡಿದೆವು. ಲೆಕ್ಕ ಬರೆಯುವವರ ಮಾತು ಕೇಳಿ ಕಾರನ್ನು ನಮ್ಮ ಹೆಸರಿನಲ್ಲಿ ಬಾಡಿಗೆಗೆ ಪಡೆದಿದ್ದೆ. ಅದು ಅಂದು ಉಪಯೋಗಕ್ಕೆ ಬಂತು, ಅವರು ಊಹಿಸಿದ್ದಕ್ಕಿಂತ ಬೇರೆ ರೀತಿಯಲ್ಲಿ. ಐದು ಜನರ ಕಾರಿನಲ್ಲಿ ಒಂಬತ್ತು ಜನ ಕೂರಲು ಹೊರಟಾಗ ನಾನು ಒಪ್ಪದೆ ಎರಡು ಸಲ ಓಡಿಸಿದೆ. ನಕ್ಕರು, ಆದರೆ ಸಿಟ್ಟಾಗಲಿಲ್ಲ.

ಅಂಗಳದಲ್ಲಿ ಅಜ್ಜಿಯ ಗಂಡನ ಸಮಾಧಿಯಿತ್ತು, ಮೇಲೆ ಪುಟ್ಟ ಮಾಡು, ಬಿಳಿ ಹಂಚು. ಸಂಜೆ ಹೊತ್ತು ಅವರು ಅದರ ಕಟ್ಟೆಯ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಒಂದು ದಿನ ನನ್ನ ಅಪ್ಪನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ಸುಟ್ಟೆವು, ಬೂದಿಯನ್ನು ಗೋಕರ್ಣದ ಕಡಲಿಗೆ ಬಿಟ್ಟೆವು ಎಂದೆ. ಅವರಿಗೆ ಇದು ಸರಿಬರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಊರಿಗೆ ಹೋದಾಗ ನೀನು ಎಲ್ಲಿ ಕೂರುತ್ತೀಯ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ಅಲ್ಲೇ ಕೂತೆ.

ದೊಡ್ಡವನು ಭಾನುವಾರದ ಉಮುವಿಗೆ ಕಾಯಿ ತುರಿಯಲು ಕೂತು ಮೂರನೆಯ ಕಾಯಿಗೇ ಬೆರಳು ಗೀರಿಕೊಂಡ. ಆದರೂ ಎದ್ದು ಬರಲಿಲ್ಲ, ಏಕೆಂದರೆ ಪಕ್ಕದ ಮನೆಯ ಹುಡುಗ ನೋಡುತ್ತಿದ್ದ. ಚಿಕ್ಕವಳು ಈಗ ಟಿ.ವಿ. ಮುಂದೆ ಹಾದುಹೋಗುವಾಗಲೂ ಬಗ್ಗಿ "ತುಲೊ" ಅನ್ನುತ್ತಾಳೆ. ಪಲುಸಮಿಯನ್ನು ನಮಗೆಂದೇ ಬೇರೆ ಕಟ್ಟಿ, ಗುರುತಿಗೆ ಬಾಳೆನಾರಿನ ಗಂಟು ಹಾಕಿದ್ದರು.

ವಾಪಸು ಬರುವಾಗ ನಮಗೆ ಒಂದು ಐಸ್ ಪೆಟ್ಟಿಗೆ ತುಂಬ ಬೇಯಿಸಿ ಹೆಪ್ಪುಗಟ್ಟಿಸಿದ ಕೆಸುವಿನ ಗಡ್ಡೆ ಕೊಟ್ಟರು. ಆಕ್ಲೆಂಡಿನಲ್ಲಿ ಇಳಿದಾಗ ಆಹಾರ ಪದಾರ್ಥವಿದೆಯೆಂದು ಘೋಷಿಸಿದೆ. ಅಧಿಕಾರಿ ಮುಚ್ಚಳ ತೆಗೆದು, ಬೆಂದಿದೆಯೇ ಎಂದು ಒತ್ತಿ ನೋಡಿ, ನನ್ನ ಮುಖವನ್ನೂ ಮುಂದಿನ ಸಾಲಿನಲ್ಲಿದ್ದ ಅಜ್ಜಿಯನ್ನೂ ನೋಡಿ ಬಿಟ್ಟರು. ಎರಡು ವಾರದಿಂದ ಅದನ್ನೇ ಹುಳಿಗೆ, ಪಲ್ಯಕ್ಕೆ ಹಾಕುತ್ತಿದ್ದೇವೆ. ಇನ್ನೂ ಅರ್ಧ ಪೆಟ್ಟಿಗೆ ಇದೆ. ಮಾಂಗೆರೆಯ ಹತ್ತಿರ ಯಾರಾದರೂ ಇದ್ದರೆ ಬಂದು ಒಯ್ಯಬಹುದು.